ಒಕ್ಕಲು ಮತ್ತು ಹಾರಿ: ಎರಡು ದೇಶಗಳ ಭೂಮಿಯ ಕಥೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಹಳ್ಳಿಗಳಲ್ಲಿ ಹಿರಿಯರು ತಮ್ಮ ಜಾಗದ ಬಗ್ಗೆ ಹೇಳುವಾಗ "ಇದು ಡಿಕ್ಲರೇಶನಿನಲ್ಲಿ ಬಂದದ್ದು" ಎನ್ನುವುದುಂಟು. ಇಂದಿನ ಮಕ್ಕಳಿಗೆ ಆ ಮಾತಿನ ಅರ್ಥ ತಿಳಿಯದು. ಫಾರಂ ನಂಬರ್ 7 ಎಂಬ ಒಂದು ಹಾಳೆಯಲ್ಲಿ "ಈ ಭೂಮಿಯನ್ನು ಗೇಣಿಗೆ ಉಳುತ್ತಿರುವವನು ನಾನು" ಎಂದು ಬರೆದು ಕೊಟ್ಟ ಅರ್ಜಿಗೆ ಜನ ಇಟ್ಟ ಹೆಸರು ಅದು. ತಲೆಮಾರುಗಳಿಂದ ಧಣಿಯ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ ಒಕ್ಕಲು ಆ ಒಂದು ಹಾಳೆಯ ಬಲದಿಂದ ಹೊಲದೊಡೆಯನಾದ.

ಭಾರತ ಮತ್ತು ಪಾಕಿಸ್ತಾನಗಳನ್ನು ಹೋಲಿಸುವಾಗ ನಾವು ಸಾಮಾನ್ಯವಾಗಿ ಸೇನೆ, ಅಣುಬಾಂಬು, ಕ್ರಿಕೆಟ್ಟುಗಳ ಬಗ್ಗೆ ಮಾತನಾಡುತ್ತೇವೆ. ಒಂದು ದಿನದ ಅಂತರದಲ್ಲಿ ಸ್ವತಂತ್ರವಾದ, ಒಂದೇ ವಸಾಹತುಶಾಹಿಯ ಆಸ್ತಿಯನ್ನೂ ಸಾಲವನ್ನೂ ಹಂಚಿಕೊಂಡ ಈ ಎರಡು ಬಡ ದೇಶಗಳನ್ನು ಅಳೆಯಲು ಬೇರೊಂದು ಅಳತೆಗೋಲಿದೆ. ಗೇಣಿಗೆ ಉಳುವವನಿಗೆ ಏನಾಯಿತು ಎಂಬುದೇ ಅದು. ನೇತ್ರಾವತಿಯ ದಡದ ಒಕ್ಕಲನ್ನೂ ಸಿಂಧೂ ನದಿಯ ದಡದ 'ಹಾರಿ'ಯನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಎರಡು ದೇಶಗಳ ಚರಿತ್ರೆಯ ಒಂದು ಮುಖ್ಯ ಕವಲು ಕಾಣಿಸುತ್ತದೆ.

ಒಂದೇ ಬೇರು

1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮನಾದ ನಂತರ ಕೆನರಾ ಕಂಪೆನಿ ಸರಕಾರದ ಕೈಸೇರಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿ ಜಮೀನಿನ ಖಾಸಗಿ ಒಡೆತನ ಬಹಳ ಹಿಂದಿನಿಂದಲೂ ಇತ್ತೆಂದು ವರದಿ ಮಾಡಿದ. ಮೂಡಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು ಮೊದಲಾದ ಅರಸು ಮನೆತನಗಳು ಅಧಿಕಾರ ಕಳೆದುಕೊಂಡಿದ್ದರೂ ಭೂಮಿಯ ಮೇಲಿನ ಹಿಡಿತ ಜೈನ, ಬಂಟ, ಬ್ರಾಹ್ಮಣ ಮನೆತನಗಳಲ್ಲಿ, ದೇವಸ್ಥಾನ ಮಠಗಳಲ್ಲಿ ಉಳಿದಿತ್ತು. ಇಲ್ಲಿ ಜಾರಿಗೆ ಬಂದದ್ದು ರೈತವಾರಿ ಪದ್ಧತಿ. ಹೆಸರು ರೈತನದ್ದಾದರೂ ಸರಕಾರದ ಲೆಕ್ಕದಲ್ಲಿ 'ರೈತ'ನೆಂದರೆ ತೀರ್ವೆ ಕಟ್ಟುವ ವರ್ಗದಾರ. ನಿಜವಾಗಿ ಕೆಸರಿಗಿಳಿಯುವವನು ಅವನ ಕೆಳಗಿನ ಗೇಣಿದಾರ. ಅವನ ಹೆಸರು ಪುಸ್ತಕದಲ್ಲಿರಲಿಲ್ಲ.

ಗೇಣಿದಾರರಲ್ಲೂ ಎರಡು ಬಗೆ. ಮೂಲಗೇಣಿಯವನಿಗೆ ಶಾಶ್ವತ ಹಕ್ಕಿತ್ತು, ಗೇಣಿ ಏರುವಂತಿರಲಿಲ್ಲ. ಚಾಲಗೇಣಿಯವನಿಗೆ ಅಂತಹ ಯಾವ ಭದ್ರತೆಯೂ ಇರಲಿಲ್ಲ, ಧಣಿಗೆ ಬೇಡವೆನಿಸಿದರೆ ಜಾಗ ಬಿಡಬೇಕು. ನಮ್ಮ ಹಳ್ಳಿಗಳ ಹೆಚ್ಚಿನ ಒಕ್ಕಲುಗಳು ಈ ಎರಡನೆಯ ಬಗೆಯವರು. ಏಣೆಲು, ಸುಗ್ಗಿ ಬೆಳೆ ಕೊಯ್ದು ಅಕ್ಕಿಮುಡಿ ಕಟ್ಟಿ ಧಣಿಯ ಮನೆಗೆ ಮುಟ್ಟಿಸಿದ ಮೇಲೆ ಉಳಿದದ್ದು ಮನೆಗೆ. ಹಬ್ಬಕ್ಕೆ ಬಾಳೆಗೊನೆ, ತರಕಾರಿಯ ಕಾಣಿಕೆ ಬೇರೆ. ಮಳೆ ಕೈಕೊಟ್ಟರೂ ಗೇಣಿ ಕೈಬಿಡುತ್ತಿರಲಿಲ್ಲ. ಈ ಒಕ್ಕಲುಗಳಲ್ಲಿ ಬಿಲ್ಲವರಿದ್ದರು, ಗೌಡರಿದ್ದರು, ಬಡ ಬಂಟರಿದ್ದರು, ಕ್ರೈಸ್ತರಿದ್ದರು, ಬ್ಯಾರಿಗಳೂ ಇದ್ದರು. ಬ್ಯಾರಿಗಳೆಂದರೆ ವ್ಯಾಪಾರಿಗಳು ಮಾತ್ರ ಎಂಬ ಕಲ್ಪನೆ ಪೇಟೆಯಿಂದ ನೋಡುವವರದ್ದು. ಒಳನಾಡಿನಲ್ಲಿ ಗೇಣಿಗೆ ದುಡಿದ ಬ್ಯಾರಿ ಕುಟುಂಬಗಳೂ ಇದ್ದವು.

ಈಗ ಸಿಂಧ್ ಪ್ರಾಂತವನ್ನು ನೋಡೋಣ. ಬ್ರಿಟಿಷರು ಅದನ್ನು ಗೆದ್ದದ್ದು 1843ರಲ್ಲಿ. 1936ರವರೆಗೆ ಅದು ಮುಂಬಯಿ ಪ್ರಾಂತದ ಭಾಗವಾಗಿತ್ತು. ಅಲ್ಲಿಯೂ ಕಾಗದದಲ್ಲಿದ್ದದ್ದು ರೈತವಾರಿಯೇ. ಅಲ್ಲಿಯೂ 'ರೈತ'ನೆಂದು ದಾಖಲಾದವನು ಸಾವಿರಾರು ಎಕರೆಯ ವಡೇರ ಅಥವಾ ಪೀರ. ಉಳುವವನು ಹಾರಿ, ಬೆಳೆಯ ಅರ್ಧವನ್ನು 'ಬಟಾಯಿ'ಯೆಂದು ಕೊಡುವವನು. ಪಂಜಾಬಿನಲ್ಲಿ ನಿಷ್ಠಾವಂತ ಮುಖಂಡರಿಗೆ, ಸೈನಿಕರಿಗೆ ಕಾಲುವೆ ನೀರಾವರಿಯ ಜಮೀನನ್ನು ಸರಕಾರವೇ ಹಂಚಿ ಹೊಸ ಭೂಮಾಲಿಕರನ್ನು ಸೃಷ್ಟಿಸಿತು. ಅಲ್ಲಿಯ ಜಮೀನ್ದಾರಿಯ ಪ್ರಮಾಣ ನಮ್ಮದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ರೋಗದ ಬೇರು ಒಂದೇ: ಉಳುವವನ ಹೆಸರು ದಾಖಲೆಯಲ್ಲಿಲ್ಲ.

ಇಲ್ಲಿ ನಡೆದದ್ದು

ಸ್ವಾತಂತ್ರ್ಯ ಬಂದ ಕೂಡಲೇ ನಮ್ಮಲ್ಲಿಯೂ ಏನೂ ಆಗಲಿಲ್ಲ. 1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಬಿ.ಡಿ. ಜತ್ತಿ ಸಮಿತಿಯ ವರದಿ 1957ರಲ್ಲಿ ಬಂತು, 1961ರಲ್ಲಿ ಭೂಸುಧಾರಣಾ ಕಾಯಿದೆಯಾಯಿತು, ಅದು ಜಾರಿಗೆ ಬಂದದ್ದು 1965ರಲ್ಲಿ. ಅದರಲ್ಲಿ ಧಣಿಗಳು ನುಸುಳಲು ಬೇಕಾದಷ್ಟು ಸಂದುಗಳಿದ್ದವು. ಆದರೆ ಗೇಣಿದಾರರು ಸುಮ್ಮನೆ ಕುಳಿತಿರಲಿಲ್ಲ. ಕಮ್ಯುನಿಸ್ಟರು ಮತ್ತು ಸಮಾಜವಾದಿಗಳು ಕಟ್ಟಿದ ರೈತ ಸಂಘಟನೆಗಳು ಗೇಣಿ ರಶೀದಿ ಕೇಳಿ ಪಡೆಯುವುದನ್ನು ಒಕ್ಕಲುಗಳಿಗೆ ಕಲಿಸಿದವು. ಕಮ್ಯುನಿಸ್ಟ್ ಮುಖಂಡ ಬಿ.ವಿ. ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳದಿಂದ ವಿಧಾನಸಭೆಗೆ ಆಯ್ಕೆಯಾದರು.

ಅದೇ ವರ್ಷ ಮುಖ್ಯಮಂತ್ರಿಯಾದ ದೇವರಾಜ ಅರಸರು ಕಾಯಿದೆಯ ಹಲ್ಲು ಹರಿತಗೊಳಿಸಿದರು. 1974ರ ಮಾರ್ಚ್ 1ರಂದು ಗೇಣಿಗೆ ಕೊಟ್ಟ ಎಲ್ಲಾ ಜಮೀನು ಸರಕಾರಕ್ಕೆ ಸೇರಿತು. ತೀರ್ಮಾನಿಸುವ ಕೆಲಸ ಸಿವಿಲ್ ಕೋರ್ಟಿನದ್ದಲ್ಲ, ತಾಲೂಕುವಾರು ಭೂನ್ಯಾಯ ಮಂಡಳಿಯದ್ದು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಜೊತೆಗೆ ನಾಲ್ವರು ನಾಮಕರಣಗೊಂಡ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಈ ಕೊನೆಯ ನಿಯಮದ ಮಹತ್ವವನ್ನು ಕೋರ್ಟಿನ ಮೆಟ್ಟಿಲು ಹತ್ತಿದ ಬಡವನೇ ಹೇಳಬೇಕು. ಧಣಿ ಮತ್ತು ಒಕ್ಕಲು ಒಂದೇ ಮೇಜಿನ ಮುಂದೆ, ತಮ್ಮದೇ ಮಾತಿನಲ್ಲಿ, ತಮ್ಮ ತಮ್ಮ ಸಾಕ್ಷಿ ಹೇಳಬೇಕಿತ್ತು.

ರಾಜ್ಯದಲ್ಲಿ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಅತಿ ಹೆಚ್ಚು ಬಂದದ್ದು ಅಂದಿನ ಅವಿಭಜಿತ ದಕ್ಷಿಣ ಕನ್ನಡದಿಂದ. ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳೂ ಮೂಡಬಿದಿರೆಯನ್ನು ಒಳಗೊಂಡಿದ್ದ ಅಂದಿನ ಕಾರ್ಕಳ ತಾಲೂಕೂ ಈ ಬದಲಾವಣೆಯ ನಡುಮನೆಯಲ್ಲಿದ್ದವು. ಜೈನ ಧಣಿಯ ಭೂಮಿ ಬಿಲ್ಲವನಿಗೆ, ಬ್ರಾಹ್ಮಣ ಧಣಿಯದ್ದು ಬ್ಯಾರಿಗೆ, ಮುಸ್ಲಿಂ ಧಣಿಯದ್ದು ಮತ್ತೊಬ್ಬನಿಗೆ ಹೋಯಿತು. ಕಾಯಿದೆ ಕೇಳಿದ್ದು "ಉಳುವವರು ಯಾರು" ಎಂಬ ಒಂದೇ ಪ್ರಶ್ನೆ.

ಒಡೆತನದ ಜೊತೆಗೆ ಬ್ಯಾಂಕಿನ ಸಾಲ ಬಂತು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಕಾರ್ಪೊರೇಶನ್ ಬ್ಯಾಂಕ್ ಸೇರಿದಂತೆ ಹಲವು ಬ್ಯಾಂಕುಗಳು ಹುಟ್ಟಿದ ಜಿಲ್ಲೆಯಿದು. ಆದರೆ ಅಡವಿಡಲು ಏನೂ ಇಲ್ಲದ ಚಾಲಗೇಣಿಯವನಿಗೆ ಸಾಲ ಎಟುಕದ ಹಣ್ಣಾಗಿತ್ತು. ಪಹಣಿ ಪತ್ರ ಕೈಗೆ ಬಂದ ಮೇಲೆ ಬಾವಿ, ಪಂಪುಸೆಟ್ಟು, ಅಡಿಕೆ ತೋಟ ಸಾಧ್ಯವಾಯಿತು. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಅಡಿಕೆಯ ಮಾರುಕಟ್ಟೆಯಲ್ಲಿ ಬೆಳೆಗಾರನ ಬೆನ್ನಿಗೆ ನಿಂತಿತು. ಹೆಂಗಸರು ಕಟ್ಟಿದ ಬೀಡಿ, ಗಲ್ಫಿನಿಂದ ಬಂದ ದುಡ್ಡು ಇವೂ ಕೂಡಿ ಮಕ್ಕಳು ಶಾಲೆಗೆ ಹೋದರು.

ಅಲ್ಲಿ ನಡೆಯದೇ ಹೋದದ್ದು

ಪಾಕಿಸ್ತಾನದಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲವೆಂದಲ್ಲ. ಹಾರಿಗಳ ಸ್ಥಿತಿ ಪರಿಶೀಲಿಸಲು ನೇಮಿಸಿದ್ದ ಸಮಿತಿಯಲ್ಲಿ ಎಂ. ಮಸೂದ್ ಎಂಬ ಅಧಿಕಾರಿ ಬರೆದ ಭಿನ್ನಾಭಿಪ್ರಾಯದ ಟಿಪ್ಪಣಿಯನ್ನು ಸರಕಾರ ಮೊದಲು ಅದುಮಿಟ್ಟಿತು, ಒತ್ತಡ ಬಂದ ಮೇಲೆಯೇ ಪ್ರಕಟಿಸಿತು. ಹೈದರ್ ಬಕ್ಷ್ ಜತೋಯಿ ಹಾರಿಗಳನ್ನು ಸಂಘಟಿಸಿದರು. ಮುಸ್ಲಿಂ ಲೀಗಿನದೇ ಸಮಿತಿ 1949ರಲ್ಲಿ ಜಾಗೀರುಗಳನ್ನು ರದ್ದುಪಡಿಸಲು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲೇ ಉಳಿಯಿತು, ಏಕೆಂದರೆ ಶಾಸನಸಭೆಯಲ್ಲಿ ಕುಳಿತವರೇ ಜಮೀನ್ದಾರರಾಗಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಅದೇ ದೇಶದ ಪೂರ್ವ ಬಂಗಾಳದಲ್ಲಿ 1950ರಲ್ಲಿಯೇ ಜಮೀನ್ದಾರಿ ರದ್ದಾಯಿತು. ಅಲ್ಲಿಯ ಜಮೀನ್ದಾರರಲ್ಲಿ ಹೆಚ್ಚಿನವರು ಹಿಂದೂಗಳು, ರೈತರಲ್ಲಿ ಹೆಚ್ಚಿನವರು ಮುಸ್ಲಿಮರು. ಪಶ್ಚಿಮದಲ್ಲಿ ಧಣಿಯೂ ಮುಸ್ಲಿಂ, ಹಾರಿಗಳಲ್ಲಿ ಬಹುಪಾಲೂ ಮುಸ್ಲಿಮರು. ಅಲ್ಲಿ ಮಾತ್ರ ಕಾಯಿದೆಯ ಕೈ ನಡುಗಿತು. ಧಣಿ ಅನ್ಯಧರ್ಮೀಯನಾಗಿದ್ದಾಗ ಅನ್ಯಾಯವೆಂದು ಕಂಡದ್ದು, ಸ್ವಧರ್ಮೀಯನಾದಾಗ ಸಂಪ್ರದಾಯವಾಯಿತು.

ಅಯ್ಯೂಬ್ ಖಾನ್ 1959ರಲ್ಲಿ ಮಿತಿ ಹೇರಿದರು: ಒಬ್ಬ ವ್ಯಕ್ತಿಗೆ ನೀರಾವರಿಯ 500 ಎಕರೆ, ಖುಷ್ಕಿಯಾದರೆ 1000 ಎಕರೆ. ತೋಟ, ಬೇಟೆಯ ಕಾಡುಗಳಿಗೆ ವಿನಾಯಿತಿ ಬೇರೆ. ನಮ್ಮ 1974ರ ಕಾಯಿದೆಯಲ್ಲಿ ಐದು ಜನರ ಕುಟುಂಬಕ್ಕಿದ್ದ ಮಿತಿ ಹತ್ತು ಯೂನಿಟ್, ಅಂದರೆ ಒಳ್ಳೆಯ ನೀರಾವರಿ ಭೂಮಿಯಾದರೆ ಹತ್ತೇ ಎಕರೆ. ಸ್ವತಃ ಲಾರ್ಕಾನಾದ ದೊಡ್ಡ ಜಮೀನ್ದಾರ ಮನೆತನದವರಾದ ಭುಟ್ಟೋ 1972ರಲ್ಲಿ ಮಿತಿಯನ್ನು 150 ಮತ್ತು 300 ಎಕರೆಗೆ, 1977ರಲ್ಲಿ 100 ಮತ್ತು 200 ಎಕರೆಗೆ ಇಳಿಸಿದರು. ಜಮೀನು ಬಂಧುಗಳ ಹೆಸರಿಗೆ ಹಂಚಿಹೋಯಿತು. ಅದೇ ವರ್ಷ ಸೇನೆ ಅಧಿಕಾರ ಹಿಡಿಯಿತು.

ಕೊನೆಯ ಏಟು ಬಿದ್ದದ್ದು ಧರ್ಮದ ಹೆಸರಿನಲ್ಲಿ. 1989ರ ಆಗಸ್ಟಿನಲ್ಲಿ ಕಝಲ್ಬಾಶ್ ವಕ್ಫ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನ ಶರೀಅತ್ ಪೀಠವು, ಒಡೆತನಕ್ಕೆ ಮಿತಿ ಹೇರಿ ಭೂಮಿಯನ್ನು ಕಸಿದುಕೊಳ್ಳುವುದು ಇಸ್ಲಾಮಿಗೆ ವಿರುದ್ಧವೆಂದು ಬಹುಮತದಿಂದ ತೀರ್ಪಿತ್ತಿತು. ಐವರಲ್ಲಿ ಮೂವರು ಹೌದೆಂದರು, ಇಬ್ಬರು ಒಪ್ಪಲಿಲ್ಲ. 1990ರ ಮಾರ್ಚ್ 23ರಿಂದ ಭೂಸುಧಾರಣೆಯ ಮುಖ್ಯ ವಿಧಿಗಳು ಅಸಿಂಧುವಾದವು. ಆ ದಶಕದಲ್ಲಿಯೇ ಸಿಂಧ್‌ನ ಜಮೀನ್ದಾರರ ಖಾಸಗಿ ಬಂದೀಖಾನೆಗಳಿಂದ ಸಾಲದ ಜೀತದಲ್ಲಿದ್ದ ಸಾವಿರಾರು ಹಾರಿಗಳನ್ನು ಮಾನವ ಹಕ್ಕುಗಳ ಕಾರ್ಯಕರ್ತರು ಬಿಡಿಸಿದರು.

ಶರೀಅತ್ ಧಣಿಯ ಪರವೇ?

ಇದು ಮುಸ್ಲಿಂ ಓದುಗರು ತಮ್ಮಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಇಸ್ಲಾಂ ಖಾಸಗಿ ಆಸ್ತಿಯನ್ನು ಗೌರವಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಭೂಮಿಯ ವಿಷಯದಲ್ಲಿ ಫಿಕ್ಹ್‌ನ ಪರಂಪರೆ ಒಂದೇ ಮಾತನ್ನು ಹೇಳಿಲ್ಲ. ಪಾಲುಗೇಣಿಯನ್ನು ಇಮಾಂ ಅಬೂ ಹನೀಫಾ ಒಪ್ಪಲಿಲ್ಲ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು. ನಮ್ಮ ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿಈ ಮದ್ಹಬ್ ಕೂಡಾ, ತೋಟದ ಆರೈಕೆಯ ಒಪ್ಪಂದಕ್ಕೆ ಅಂಟಿಕೊಂಡ ಸಂದರ್ಭವನ್ನು ಬಿಟ್ಟರೆ, ಅದನ್ನು ಸಿಂಧುವೆಂದು ಎಣಿಸುವುದಿಲ್ಲ. ಇರಾಕ್ ಗೆದ್ದಾಗ ಅಲ್ಲಿಯ ಫಲವತ್ತಾದ ಭೂಮಿಯನ್ನು ಯೋಧರಿಗೆ ಹಂಚಲು ಖಲೀಫಾ ಉಮರ್ ನಿರಾಕರಿಸಿ, ಉಳುವವರ ಕೈಯಲ್ಲೇ ಬಿಟ್ಟು ಮುಂದಿನ ತಲೆಮಾರುಗಳ ಹಿತಕ್ಕಾಗಿ ಕಂದಾಯ ಹಾಕಿದರು. ಸಂಪತ್ತು ಸಿರಿವಂತರ ನಡುವೆಯೇ ಸುತ್ತುತ್ತಿರಬಾರದೆಂಬುದು ಕುರ್‌ಆನಿನ ಆಶಯ. ಇಷ್ಟೆಲ್ಲಾ ಇದ್ದೂ ನೂರಾರು ಎಕರೆಯ ವಡೇರನ ರಕ್ಷಣೆಗೆ ಶರೀಅತ್ತಿನ ಹೆಸರು ಬಳಕೆಯಾಯಿತು. ಇಸ್ಲಾಮಿನ ಹೆಸರಿನ ದೇಶದಲ್ಲಿ ಮುಸ್ಲಿಂ ಹಾರಿಗೆ ಸಿಗದ ನ್ಯಾಯ, ಜಾತ್ಯತೀತ ದೇಶದ ಒಂದು ಕಾಯಿದೆಯಿಂದ ಬಂಟ್ವಾಳದ ಬ್ಯಾರಿ ಒಕ್ಕಲಿಗೆ ಸಿಕ್ಕಿತು. ಇದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು.

ಬದುಕಿನ ಲೆಕ್ಕ

1960ರ ದಶಕದಲ್ಲಿ ಪಾಕಿಸ್ತಾನದ ಆರ್ಥಿಕತೆ ಭಾರತಕ್ಕಿಂತ ವೇಗವಾಗಿ ಬೆಳೆಯುತ್ತಿತ್ತು. ಆದರೆ 1968ರಲ್ಲಿ ಅಲ್ಲಿಯ ಅರ್ಥಶಾಸ್ತ್ರಜ್ಞ ಮಹಬೂಬುಲ್ ಹಕ್, ದೇಶದ ಕೈಗಾರಿಕಾ ಆಸ್ತಿಯ ಸುಮಾರು ಮೂರನೇ ಎರಡು ಭಾಗ 22 ಕುಟುಂಬಗಳ ಕೈಯಲ್ಲಿದೆಯೆಂದು ಬಹಿರಂಗಪಡಿಸಿದರು. ದೇಶದ ಸಿರಿಯನ್ನು ವರಮಾನದಿಂದ ಮಾತ್ರ ಅಳೆಯಬಾರದು, ಆಯುಷ್ಯ, ವಿದ್ಯೆಗಳನ್ನೂ ಎಣಿಸಬೇಕೆಂಬ ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ರೂಪಿಸಿದವರೂ ಅವರೇ. ಗೆಳೆಯ ಅಮರ್ತ್ಯ ಸೇನ್ ಜೊತೆಗಿದ್ದರು. 2025ರ ವರದಿಯ ಆ ಪಟ್ಟಿಯಲ್ಲಿ ಭಾರತದ ಸ್ಥಾನ 130, ಪಾಕಿಸ್ತಾನದ್ದು 168. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88 ದಾಟಿತ್ತು. 2023ರಲ್ಲಿ ಪಾಕಿಸ್ತಾನದ್ದು ನೂರಕ್ಕೆ ಸುಮಾರು 61.

ಈ ಅಂತರಕ್ಕೆಲ್ಲಾ ಭೂಮಿಯೊಂದೇ ಕಾರಣವೆನ್ನಲಾಗದು. ಬಾಸೆಲ್ ಮಿಶನ್ 1834ರಲ್ಲಿಯೇ ಮಂಗಳೂರಿಗೆ ಬಂದಿತ್ತು, ಬಂದರಿನ ವ್ಯಾಪಾರವಿತ್ತು. ಭಾರತದ ಒಳಗೂ ಭೂಸುಧಾರಣೆ ಸೋತ ಬಿಹಾರದಂತಹ ರಾಜ್ಯಗಳಿವೆ. ಆದ್ದರಿಂದ ಇದು ಒಂದು ದೇಶ ಗೆದ್ದು ಇನ್ನೊಂದು ಸೋತ ಕಥೆಯಲ್ಲ. ಸಂಘಟಿತರಾದ ಗೇಣಿದಾರರು, ಅವರ ಮತಕ್ಕೆ ಹೆದರುವ ಶಾಸನಸಭೆ, ಹಳ್ಳಿಯ ಬಾಗಿಲಿಗೆ ಬರುವ ನ್ಯಾಯ ಮಂಡಳಿ, ಈ ಮೂರೂ ಕೂಡಿದಲ್ಲಿ ಕಾಯಿದೆ ಬದುಕಿತು. ಕೂಡದಲ್ಲಿ ಸತ್ತಿತು.

ಹಾಗೆಂದು ನಮ್ಮ ಲೆಕ್ಕವೂ ಪೂರ್ತಿ ಚುಕ್ತವಾಗಿಲ್ಲ. ಗೇಣಿ ಚೀಟಿಯಿದ್ದವನಿಗೆ ಭೂಮಿ ಸಿಕ್ಕಿತು. ಧಣಿಯ ಗದ್ದೆಯಲ್ಲೂ ಒಕ್ಕಲಿನ ಗದ್ದೆಯಲ್ಲೂ ಕೂಲಿಗೆ ದುಡಿದ ದಲಿತರಿಗೆ, ಕೊರಗರಿಗೆ ಹೆಚ್ಚೆಂದರೆ ಕೆಲವು ಸೆಂಟ್ಸ್ ಮನೆ ಜಾಗ. ಒಂದೆರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರಂಥ ಸಣ್ಣ ಒಡೆಯರು ಅಲ್ಪ ಪರಿಹಾರ ಪಡೆದು ಬರಿಗೈಯಾದರು. ಪಹಣಿಯಲ್ಲಿ ಗಂಡಸರ ಹೆಸರೇ ಹೆಚ್ಚು. ಡಿಕ್ಲರೇಶನಿನಲ್ಲಿ ಬಂದ ಭೂಮಿಯಲ್ಲಿ ಶರೀಅತ್ ಪ್ರಕಾರ ಹೆಣ್ಣುಮಕ್ಕಳಿಗಿರುವ ಪಾಲನ್ನು ನಮ್ಮಲ್ಲಿ ಎಷ್ಟು ಮಂದಿ ಕೊಟ್ಟಿದ್ದಾರೆ? ಸಿಂಧ್‌ನ ವಡೇರನ ಪರ ಶರೀಅತ್ತನ್ನು ಬಳಸಿದವರನ್ನು ಟೀಕಿಸುವ ನಾವು, ತಂಗಿಯ ಪಾಲಿನ ವಿಷಯದಲ್ಲಿ ಅದೇ ಶರೀಅತ್ತನ್ನು ಮರೆಯುವುದು ಎಷ್ಟು ಸರಿ?

2020ರಲ್ಲಿ ಕರ್ನಾಟಕ ಸರಕಾರ ಕಾಯಿದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿತು. ಇನ್ನು ಭೂಮಿಯನ್ನು ಧಣಿ ಕಸಿಯಬೇಕಾಗಿಲ್ಲ, ಸಾಲವೂ ಮದುವೆಯ ಖರ್ಚೂ ಒಳ್ಳೆಯ ರೇಟೂ ಸೇರಿ ಒಕ್ಕಲಿನ ಮೊಮ್ಮಕ್ಕಳ ಕೈಯಿಂದಲೇ ಅದನ್ನು ಬಿಡಿಸಬಲ್ಲವು. ಮಾರುವ ಮುಂಚೆ ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಆ ಫಾರಂ ನಂಬರ್ 7ರ ಪ್ರತಿಯನ್ನು ಒಮ್ಮೆ ತೆಗೆದು ಓದಬೇಕು. ಸಿಂಧ್‌ನ ಹಾರಿಯ ಮೊಮ್ಮಗನಿಗೆ ಹಾಗೆ ತೆಗೆದು ಓದಲು ಒಂದು ಹಾಳೆಯೂ ಇಲ್ಲ.