ಯಾದವಗಿರಿಯ ಬೈಕು, ಶೋಳಾವರಂ ಓಟ

1950ರ ದಶಕದ ಮಧ್ಯದಲ್ಲಿ ಸರ್ಕಾರ ಹೊರದೇಶದ ಮೋಟಾರ್‌ಸೈಕಲ್‌ಗಳ ಆಮದಿಗೆ ತಡೆ ಹಾಕಿತು. ಮುಂಬಯಿಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬಕ್ಕೆ ಆಗ ಉಳಿದದ್ದು ಒಂದೇ ದಾರಿ, ಇಲ್ಲೇ ತಯಾರಿಸುವುದು. ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ ಅದಕ್ಕೆ ಆರಿಸಿಕೊಂಡದ್ದು ಮೈಸೂರನ್ನು. ಯಾದವಗಿರಿಯಲ್ಲಿ ಎದ್ದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರ ಹೊತ್ತಿಗೆ ಬೈಕಿನ ಟ್ಯಾಂಕಿನ ಮೇಲೆ ಜಾವಾ ಬದಲು ಯೆಜ್ಡಿ ಎಂಬ ಹೆಸರು ಬಂತು. ಎಂಜಿನ್ ಮಾತ್ರ ಅದೇ ವಂಶದ್ದು. ಮೈಸೂರಿನವರ ಬಾಯಲ್ಲಿ ಅದು ಆಮೇಲೂ ಜಾವಾ ಫ್ಯಾಕ್ಟರಿಯಾಗಿಯೇ ಉಳಿಯಿತು.

ಆ ಬೈಕನ್ನು ಮೊದಲ ಸಲ ಸ್ಟಾರ್ಟ್ ಮಾಡಲು ಹೋದವರು ಕಿಕ್ಕರ್ ಎಲ್ಲಿದೆ ಎಂದು ಹುಡುಕುತ್ತಾರೆ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗಾಡಿ ಹತ್ತಿಕೊಂಡ ಮೇಲೆ ಅದನ್ನು ಕೆಳಗಿಳಿಸಿದರೆ ಮತ್ತೆ ಗೇರ್. ಗೇರ್ ಒತ್ತುವಾಗ ಕ್ಲಚ್ ತಾನಾಗಿಯೇ ಬಿಡುವ ಏರ್ಪಾಡೂ ಅದರಲ್ಲಿತ್ತು. ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಎರಡು. ಬೋರ್ 65 ಮಿಲಿಮೀಟರ್, ಪಿಸ್ಟನ್ ಓಡಾಟ 75, ಒಟ್ಟು ಸುಮಾರು 249 ಸಿಸಿ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಾಧಾರಣ ಟೂಲ್ ಕಿಟ್ ಇರುವವನೂ ಬಿಚ್ಚಿ ಜೋಡಿಸಬಹುದಾದ ಟೂ-ಸ್ಟ್ರೋಕ್ ಎಂಜಿನ್ ಅದು. ಈ ಸರಳತೆಯೇ ಅದನ್ನು ರೇಸಿಗೂ ಎಳೆದು ತಂದಿತು.

ದಕ್ಷಿಣ ಭಾರತದಲ್ಲಿ ಆಗ ರೇಸ್ ಎಂದರೆ ಶೋಳಾವರಂ. ಮದ್ರಾಸಿನ ಉತ್ತರಕ್ಕಿದ್ದ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅದನ್ನೇ ಓಟದ ಕಣ ಮಾಡಿಕೊಂಡಿತ್ತು. ರೇಸಿಗೆಂದೇ ತಯಾರಾದ ಬೈಕು ದೇಶದಲ್ಲಿ ಅಪರೂಪವಾಗಿದ್ದ ಕಾಲ. ದಿನಾ ರಸ್ತೆಯಲ್ಲಿ ಓಡುವ ಗಾಡಿಯ ದೀಪ, ಮಡ್‌ಗಾರ್ಡ್, ಹಿಂದಿನ ಸೀಟು ಬಿಚ್ಚಿ ಹಗುರ ಮಾಡಿ ಕಣಕ್ಕಿಳಿಸುವುದೇ ರೂಢಿ. ಮೈಸೂರು, ಬೆಂಗಳೂರಿನ ಹುಡುಗರೂ ಯೆಜ್ಡಿಗಳನ್ನು ಹೀಗೆ ತಯಾರು ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಟೂ-ಸ್ಟ್ರೋಕ್ ಎಂಜಿನ್ನಿಗೆ ಶಕ್ತಿ ತುಂಬುವ ಕೆಲಸಕ್ಕೆ ದೊಡ್ಡ ಯಂತ್ರಗಳು ಬೇಡ. ಸಿಲಿಂಡರಿನ ಪೋರ್ಟುಗಳನ್ನು ಅರದಿಂದ ಉಜ್ಜಿ ಹಿಗ್ಗಿಸುವುದು, ಲೇತಿನಲ್ಲಿ ಹೆಡ್ ಸವರಿ ಕಂಪ್ರೆಶನ್ ಏರಿಸುವುದು, ಸೈಲೆನ್ಸರ್ ತೆಗೆದು ಹೊಟ್ಟೆ ಉಬ್ಬಿದ ಎಕ್ಸ್‌ಪ್ಯಾನ್ಷನ್ ಚೇಂಬರ್ ಕೂರಿಸುವುದು, ಇವಿಷ್ಟೇ. ಅರ ಒಂದು ಎಳೆ ಹೆಚ್ಚು ಓಡಿದರೆ ಸಿಲಿಂಡರ್ ಗುಜರಿಗೆ. ಕೈಯ ಹದವೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು.

ಆ ಚೇಂಬರಿನ ವಿದ್ಯೆಗೂ ಒಂದು ಕಥೆಯಿದೆ. ಹೊಗೆಕೊಳವೆಯಲ್ಲಿ ಹಿಂದಿರುಗುವ ಒತ್ತಡದ ಅಲೆಯನ್ನು ಎಂಜಿನ್ನಿನ ಲಾಭಕ್ಕೆ ದುಡಿಸಿಕೊಳ್ಳುವ ಬಗೆಯನ್ನು 1950ರ ದಶಕದಲ್ಲಿ ಹದಕ್ಕೆ ತಂದವರು ಪೂರ್ವ ಜರ್ಮನಿಯ ಎಂಜಡ್ ಕಾರ್ಖಾನೆಯ ವಾಲ್ಟರ್ ಕಾಡನ್. ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ, ಅಂದರೆ ಮೈಸೂರಿನ ಕಾರ್ಖಾನೆ ಬಾಗಿಲು ತೆರೆದ ವರ್ಷವೇ, ಸ್ವೀಡನ್ನಿನ ರೇಸಿನ ಬಳಿಕ ಪಶ್ಚಿಮಕ್ಕೆ ಓಡಿಹೋದ. ಜೊತೆಗೆ ಆ ವಿದ್ಯೆಯನ್ನೂ ಒಯ್ದು ಜಪಾನಿನ ಸುಜುಕಿಗೆ ಕೊಟ್ಟ. ಮರುವರ್ಷ 50 ಸಿಸಿ ವಿಶ್ವಪಟ್ಟ ಸುಜುಕಿಯದಾಯಿತು. ಜಪಾನಿನ ಟೂ-ಸ್ಟ್ರೋಕ್ ಬೈಕುಗಳ ನಾಗಾಲೋಟಕ್ಕೆ ಅದೊಂದು ದೊಡ್ಡ ಹೆಜ್ಜೆ. ಎರಡು ದಶಕ ಕಳೆದು ಅದೇ ಸುಜುಕಿ ಹೊಸೂರಿನ ಟಿವಿಎಸ್ ಜೊತೆ ಸೇರಿ ಭಾರತಕ್ಕೆ ಬಂತು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು, ಅದೇ ವರ್ಷ ಪೆಟ್ರೋಲನ್ನು ಎಣಿಸಿ ಕುಡಿಯುವ ಹೀರೋ ಹೋಂಡಾ ಸಿಡಿ 100 ಕೂಡ. ಭಾರದ ಯೆಜ್ಡಿಗೆ ಇವುಗಳ ಎದುರು ಉಸಿರು ಕಟ್ಟಿತು. ಹೊಗೆಯ ಮೇಲಿನ ಕಾನೂನೂ ಬಿಗಿಯಾಯಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ನಿಂತಿತು.

ಆಗ ಎಷ್ಟೋ ಜಾವಾ, ಯೆಜ್ಡಿಗಳು ಕೊಟ್ಟಿಗೆ, ಕಾರ್ ಶೆಡ್, ಮಹಡಿ ಮೆಟ್ಟಿಲ ಕೆಳಗೆ ಸೇರಿದವು. ಇಂದು ಅವನ್ನು ಹೊರಗೆಳೆಯುವವರು ಬಹಳ ಮಂದಿ. ಆದರೆ ಹೆಚ್ಚಿನವರು ಮೊದಲು ಓಡುವುದು ಕ್ರೋಮಿಗೆ, ಬಣ್ಣಕ್ಕೆ. ಮೆರವಣಿಗೆಗೆ ಅಷ್ಟು ಸಾಕು. ಟ್ರ್ಯಾಕಿಗೆ ಒಯ್ಯಬೇಕಾದರೆ ಕೆಲಸ ಶುರುವಾಗಬೇಕಾದದ್ದು ಕಣ್ಣಿಗೆ ಕಾಣದ ಕಡೆಯಿಂದ.

ವರ್ಷಗಟ್ಟಲೆ ನಿಂತ ಗಾಡಿಗೆ ಬಂದವನೇ ಕಿಕ್ ಹೊಡೆಯುವುದು ಮೊದಲ ತಪ್ಪು. ಸಿಲಿಂಡರಿನ ಒಳಗೋಡೆಗೆ ತುಕ್ಕು ಕಟ್ಟಿರುತ್ತದೆ, ರಿಂಗುಗಳು ಅಂಟಿರುತ್ತವೆ. ಬಲವಂತ ಮಾಡಿದರೆ ಆ ತುಕ್ಕೇ ಬೋರನ್ನು ಗೀರಿಬಿಡುತ್ತದೆ. ಅನುಭವಸ್ಥ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ರಂಧ್ರದಲ್ಲಿ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಇಡುತ್ತಾನೆ. ಮರುದಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸುತ್ತಾನೆ. ಪಿಸ್ಟನ್ ಕದಲಿದರೆ ಅರ್ಧ ಗೆದ್ದಂತೆ. ಕದಲದಿದ್ದರೆ ಸಿಲಿಂಡರ್ ಬಿಚ್ಚಿ, ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಬೇಕು.

ಟ್ಯಾಂಕಿನ ತಳದ ಹಳೆ ಪೆಟ್ರೋಲ್ ಅಷ್ಟರಲ್ಲಿ ಅಂಟಾಗಿರುತ್ತದೆ. ಜಿಕೋವ್ ಕಾರ್ಬುರೇಟರಿನ ಜೆಟ್ಟುಗಳಲ್ಲಿ ಕೂದಲೆಳೆಯಷ್ಟು ದಾರಿಯೂ ಉಳಿದಿರುವುದಿಲ್ಲ. ಅವನ್ನು ತಂತಿಯಿಂದ ಕೆರೆದರೆ ರಂಧ್ರ ದೊಡ್ಡದಾಗಿ ಹದವೇ ಕೆಡುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿಯಿಂದ ಊದುವುದೇ ಸರಿ. ಮುಚ್ಚಿದ ಚೈನ್‌ಕೇಸಿನ ಒಳಗೆ ಚೈನು ತುಕ್ಕು ಹಿಡಿದು ಬಿಗಿದಿದ್ದರೂ ಹೊರಗಿನಿಂದ ತಿಳಿಯುವುದಿಲ್ಲ, ಹಾಗಾಗಿ ಅದನ್ನೂ ತೆರೆಯಲೇಬೇಕು. ಪಾಯಿಂಟ್ ಉಜ್ಜಿ, ಹಳೇ ಕಂಡೆನ್ಸರ್ ಬದಲಿಸಿದರೆ ಕಿಡಿ ಬರುತ್ತದೆ. ಇಷ್ಟಾದರೆ ಗಾಡಿ ಹತ್ತಿಕೊಳ್ಳುತ್ತದೆ, ಮನೆಮಂದಿ ಚಪ್ಪಾಳೆಯನ್ನೂ ತಟ್ಟುತ್ತಾರೆ.

ನಿಜವಾದ ಅಪಾಯ ಇರುವುದು ಇಲ್ಲಿಂದ ಮುಂದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಸಿಲಿಂಡರಿಗೆ ಹೋಗುವ ಮೊದಲು ಕ್ರ್ಯಾಂಕ್ ಕೋಣೆಯೊಳಗೆ ಹಾದು ಹೋಗಬೇಕು. ಆ ಕೋಣೆಯನ್ನು ಗಾಳಿಯಾಡದಂತೆ ಮುಚ್ಚಿಡುವುದು ಎರಡು ರಬ್ಬರ್ ಆಯಿಲ್ ಸೀಲುಗಳು. ನಿಂತ ಗಾಡಿಯಲ್ಲಿ ಅವು ಗಟ್ಟಿಯಾಗಿ ಬಿರಿಯುತ್ತವೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸಿನ ಆಯಿಲ್ ಒಳಗೆಳೆದು ದಟ್ಟ ಬಿಳಿ ಹೊಗೆ ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಡೈನಮೊ ಕಡೆಯದು ಹೋದರೆ ಹೊಗೆಯೇ ಇಲ್ಲ. ಬರೀ ಗಾಳಿ ನುಗ್ಗುತ್ತದೆ, ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ. ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಅದೂ ಕಡಿಮೆಯಾಗುತ್ತದೆ. ಊರೊಳಗೆ ಅಡ್ಡಾಡುವಾಗ ಏನೂ ತೋರದು. ಟ್ರ್ಯಾಕಿನ ಉದ್ದನೆಯ ನೇರ ದಾರಿಯಲ್ಲಿ ಪೂರ್ತಿ ಥ್ರಾಟಲ್ ಹಿಡಿದಾಗ ಪಿಸ್ಟನ್ ಉಬ್ಬಿ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ನಿಂತುಬಿಡುತ್ತದೆ. ಸೀಲು ಎರಡಕ್ಕೂ ತೆರುವ ದುಡ್ಡು ಒಂದು ಕ್ರೋಮ್ ಸೈಲೆನ್ಸರಿನ ಬೆಲೆಯ ಮುಂದೆ ಏನೇನೂ ಅಲ್ಲ. ಆದರೂ ಅದನ್ನೇ ಮುಂದೂಡುವವರಿದ್ದಾರೆ ಎಂಬುದು ಬೇಸರದ ಸಂಗತಿ.

ಶೋಳಾವರಂ ಕಾಲ ಮುಗಿದು 1990ರಲ್ಲಿ ಇರುಂಗಾಟ್ಟುಕೋಟ್ಟೈಯ ಟ್ರ್ಯಾಕ್ ಬಂತು. ಚೆನ್ನೈ-ಬೆಂಗಳೂರು ಹೆದ್ದಾರಿಯ ಬದಿಗಿರುವ ಈ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿಲೋಮೀಟರ್. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಸುಮಾರು 2.1. ಕರ್ನಾಟಕದ ಸವಾರರು ಟ್ರ್ಯಾಕ್ ಡೇಗೆ, ಅಂದರೆ ತಮ್ಮ ಬೈಕನ್ನು ರೇಸ್ ಕಣದಲ್ಲಿ ಓಡಿಸುವ ದಿನಕ್ಕೆ, ಇಂಥ ಕಡೆ ಹೋಗುತ್ತಾರೆ. ಅಲ್ಲಿ ಸೋಲು ಗೆಲುವಿಲ್ಲ, ಆದರೆ ತಪಾಸಣೆ ಇದೆ. ಕನ್ನಡಿ ಬಿಚ್ಚಿರಬೇಕು, ದೀಪದ ಗಾಜಿಗೆ ಟೇಪ್ ಸುತ್ತಿರಬೇಕು, ಎಲ್ಲೂ ಆಯಿಲ್ ತೊಟ್ಟಿಕ್ಕಬಾರದು. ಡ್ರೈನ್ ಬೋಲ್ಟು ಕಳಚದಂತೆ ತಂತಿ ಬಿಗಿಯುವುದು ರೇಸಿನವರ ಹಳೆಯ ಪದ್ಧತಿ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ಪಟ್ಟಿ ಎಷ್ಟೇ ಉಳಿದಿರಲಿ, ಹಳೇ ಟೈರನ್ನು ಅಲ್ಲಿಗೆ ಒಯ್ಯುವಂತಿಲ್ಲ. ಡ್ರಮ್ ಬ್ರೇಕು ಬಿಸಿಯಾದಷ್ಟೂ ಹಿಡಿತ ಬಿಡುತ್ತದೆ. ನಿಂತ ಗಾಡಿಯಲ್ಲಿ ಲೈನಿಂಗ್ ಶೂನಿಂದ ಕಿತ್ತು ಬರುವುದೂ ಉಂಟು. ಅದಕ್ಕೇ ಹೊಸ ಲೈನಿಂಗ್ ಹಾಕಿಸಿಯೇ ಹೊರಡಬೇಕು. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಟ್ರ್ಯಾಕ್ ಮುಗಿಸಿ ಬಂದ ಮೇಲೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿ ಇಡುವುದು ಕ್ಷೇಮ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಈ ಬೈಕುಗಳನ್ನು ಮೆಚ್ಚಿಕೊಂಡವರು ಅಂದು ಊರೂರಲ್ಲಿ ಸೇರುತ್ತಾರೆ, ಬೆಂಗಳೂರಿನಲ್ಲಂತೂ ಜಾತ್ರೆ. ಗಾಡಿಗಳ ಫೋಟೊ ಹಿಡಿಯುವ ಉತ್ಸಾಹದಲ್ಲಿ ಅವನ್ನು ಓಡುವ ಸ್ಥಿತಿಯಲ್ಲಿಟ್ಟ ಹಿರಿಯ ಮೆಕ್ಯಾನಿಕ್‌ಗಳನ್ನು ಮರೆಯಬಾರದು. ಪೋರ್ಟನ್ನು ಎಲ್ಲಿಯವರೆಗೆ ಉಜ್ಜಬಹುದು, ಇಗ್ನಿಷನ್ ಟೈಮಿಂಗ್ ಎಷ್ಟಿಡಬೇಕು, ಯಾವ ಸೀಲಿನ ಬದಲು ಯಾವುದು ಕೂರುತ್ತದೆ ಎಂಬ ಲೆಕ್ಕಗಳಲ್ಲಿ ಹೆಚ್ಚಿನವು ಅವರ ತಲೆಯಲ್ಲೇ ಇವೆ. ನಿಮ್ಮ ಮನೆಯ ಶೆಡ್ಡಿನಲ್ಲಿ ಒಂದು ಜಾವಾ ನಿಂತಿದ್ದರೆ ಈ ವಾರವೇ ಅಂಥ ಒಬ್ಬರನ್ನು ಹುಡುಕಿ ಕರೆತನ್ನಿ. ಅವರು ಎಂಜಿನ್ ಬಿಚ್ಚುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತು, ಹೇಳಿದ್ದನ್ನೆಲ್ಲ ಬರೆದುಕೊಳ್ಳಿ.