ಇಬ್ಬರು ಮೇಷ್ಟ್ರುಗಳ ರೈಲು

ಚೀನಾದ ರೈಲುಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ತಾಂಜಾನಿಯಾದಲ್ಲಿ ಜರ್ಮನ್ನರು ಹಾಕಿ ಬಿಟ್ಟುಹೋದ ಹಳೆಯ ಹಳಿಗಳದ್ದು ಮೀಟರ್ ಗೇಜ್, ಅಂದರೆ 1,000 ಮಿಲಿಮೀಟರ್. ಆದರೆ 1970ರ ದಶಕದಲ್ಲಿ ಚೀನೀಯರು ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನಿಂದ ಜಾಂಬಿಯಾದ ಕಪಿರಿ ಎಂಪೋಶಿ ಎಂಬ ಸಣ್ಣ ಊರಿನವರೆಗೆ 1,860 ಕಿಲೋಮೀಟರ್ ಉದ್ದದ ರೈಲುದಾರಿ ಹಾಕಿದಾಗ ಎರಡರಲ್ಲಿ ಯಾವ ಅಳತೆಯನ್ನೂ ಬಳಸಲಿಲ್ಲ. ಅವರು ಹಾಕಿದ್ದು 1,067 ಮಿಲಿಮೀಟರಿನ ಹಳಿ. ಇದು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದ ಅಳತೆ. ಕೇಪ್‌ಟೌನಿನಿಂದ ಕೈರೋವರೆಗೆ ಬ್ರಿಟಿಷ್ ರೈಲು ಓಡಿಸುವ ಕನಸು ಕಂಡ ಸೆಸಿಲ್ ರೋಡ್ಸ್‌ನ ಅಳತೆ. ಯಾರ ಹಿಡಿತದಿಂದ ತಪ್ಪಿಸಿಕೊಳ್ಳಲೆಂದು ಈ ದಾರಿ ಹುಟ್ಟಿತೋ ಅವರ ಗೇಜನ್ನೇ ಅದು ಹೊತ್ತುಕೊಂಡಿತು.

ಇದರ ಹಿಂದೆ ಲೆಕ್ಕಾಚಾರವಿತ್ತು. ಜಾಂಬಿಯಾದ ವ್ಯಾಗನ್‌ಗಳೆಲ್ಲ 1,067ರ ಹಳಿಯವು. ಅವು ಎಲ್ಲೂ ಸರಕು ಇಳಿಸಿ ಏರಿಸದೆ ನೇರವಾಗಿ ಸಮುದ್ರ ಮುಟ್ಟಬೇಕಿತ್ತು. ಜೊತೆಗೆ, ಒಂದಲ್ಲ ಒಂದು ದಿನ ದಕ್ಷಿಣದ ಬಿಳಿಯರ ಸರ್ಕಾರಗಳು ಉರುಳಿದರೆ ಅದೇ ವ್ಯಾಗನ್ ದಾರ್‌ನಿಂದ ಕೇಪ್‌ಟೌನಿನವರೆಗೂ ಉರುಳಬಹುದಿತ್ತು.

ಜಾಂಬಿಯಾದ ಪಾಡು ಅರ್ಥವಾಗಬೇಕಾದರೆ ನಕ್ಷೆ ಬಿಚ್ಚಬೇಕು. 1964ರ ಅಕ್ಟೋಬರ್ 24ರಂದು ಉತ್ತರ ರೊಡೇಶಿಯಾ ಎಂಬ ಹೆಸರು ಕಳಚಿ ಸ್ವತಂತ್ರವಾದ ಈ ದೇಶಕ್ಕೆ ಯಾವ ದಿಕ್ಕಿನಲ್ಲೂ ಕಡಲಿಲ್ಲ. ರಫ್ತಿನ ಗಳಿಕೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ತಾಮ್ರದ್ದು. ಆ ತಾಮ್ರ ಹೊರಗೆ ಹೋಗುತ್ತಿದ್ದುದು ಮುಖ್ಯವಾಗಿ ದಕ್ಷಿಣ ರೊಡೇಶಿಯಾದ ಮೂಲಕ, ಅಲ್ಲಿಂದ ಪೋರ್ಚುಗೀಸರ ಕೈಯಲ್ಲಿದ್ದ ಮೊಜಾಂಬಿಕ್‌ನ ಬೈರಾ ಬಂದರಿಗೆ. ಗಣಿಗೆ ಬೇಕಾದ ಕಲ್ಲಿದ್ದಲು ರೊಡೇಶಿಯಾದ ವಾಂಕೀಯಿಂದ ಬರಬೇಕು. ಕರೀಬಾ ಅಣೆಕಟ್ಟು ಎರಡೂ ದೇಶಗಳ ಗಡಿಯಲ್ಲಿದ್ದರೂ ವಿದ್ಯುತ್ ಸ್ಥಾವರ ಇದ್ದದ್ದು ರೊಡೇಶಿಯಾದ ದಡದಲ್ಲಿ. ಮನೆ ಸ್ವಂತದ್ದು, ಬಾಗಿಲ ಕೀಲಿ ಮಾತ್ರ ಪಕ್ಕದ ಮನೆಯವನ ಕೈಯಲ್ಲಿ.

1965ರ ನವೆಂಬರ್ 11ರಂದು ಆ ಪಕ್ಕದ ಮನೆಯವನು, ಇಯಾನ್ ಸ್ಮಿತ್, ಬ್ರಿಟನ್ನನ್ನೂ ಧಿಕ್ಕರಿಸಿ ಬಿಳಿಯರ ಆಡಳಿತದ ‘ಸ್ವಾತಂತ್ರ್ಯ’ ಘೋಷಿಸಿಬಿಟ್ಟ. ಜಾಂಬಿಯಾಕ್ಕೆ ಪೆಟ್ರೋಲ್ ಬರುವುದು ನಿಂತಿತು. ಬ್ರಿಟನ್ ಮತ್ತು ಕೆನಡಾ ಪೀಪಾಯಿಗಳನ್ನು ವಿಮಾನದಲ್ಲಿ ಹೊತ್ತು ತಂದವು. ದಾರ್‌ನಿಂದ ಬರುವ ಮಣ್ಣಿನ ರಸ್ತೆಯಲ್ಲಿ ಲಾರಿಗಳು ಮಳೆಗಾಲದ ಕೆಸರಿನಲ್ಲಿ ಹೂತು, ಮಗುಚಿ, ಹೇಗೋ ಬಂದು ಸೇರುತ್ತಿದ್ದವು. ಚಾಲಕರು ಆ ರಸ್ತೆಗೆ ‘ನರಕದ ಓಟ’ ಎಂದೇ ಹೆಸರಿಟ್ಟಿದ್ದರು.

ಈ ಕಥೆಯ ಇಬ್ಬರು ನಾಯಕರೂ ಶಾಲಾ ಮೇಷ್ಟ್ರುಗಳು. ಜಾಂಬಿಯಾದ ಕೆನೆತ್ ಕೌಂಡಾ ಲುಬ್ವಾ ಎಂಬಲ್ಲಿನ ಮಿಷನ್ ಶಾಲೆಯಲ್ಲಿ ಪಾಠ ಹೇಳಿದವರು, ಅದೇ ಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದವರು. ಗಾಂಧಿಯನ್ನು ಓದಿ ಅಹಿಂಸೆಯನ್ನು ಚಳವಳಿಯ ದಾರಿಯಾಗಿಸಿಕೊಂಡವರು. ತಾಂಜಾನಿಯಾದ ಜೂಲಿಯಸ್ ನ್ಯೆರೆರೆಯವರನ್ನಂತೂ ಜನ ಕೊನೆಯವರೆಗೂ ‘ಮ್ವಾಲಿಮು’ ಎಂದೇ ಕರೆದರು. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು. ಈ ಮೇಷ್ಟ್ರು ರಾಜ್ಯಭಾರದ ನಡುವೆ ಕೂತು ಶೇಕ್ಸ್‌ಪಿಯರನ ಎರಡು ನಾಟಕಗಳನ್ನು ಸ್ವಾಹಿಲಿಗೆ ತಂದರು. ‘ವೆನಿಸ್ಸಿನ ವ್ಯಾಪಾರಿ’ಗೆ ಅವರಿಟ್ಟ ಹೆಸರಿನಲ್ಲಿ ‘ಮಬೇಪಾರಿ’ ಎಂಬ ಮಾತಿದೆ. ನಮ್ಮ ಬೇಪಾರಿಯೇ ಗುಜರಾತಿ ವರ್ತಕರ ಜೊತೆ ಹಡಗೇರಿ ಹೋಗಿ ಅಲ್ಲಿ ಬಂಡವಾಳಗಾರನಾಗಿದ್ದಾನೆ. ರೈಲಿಗೆ ಸ್ವಾಹಿಲಿಯಲ್ಲಿ ‘ಗಾರಿ ಲ ಮೋಶಿ’ ಎನ್ನುತ್ತಾರೆ. ಗಾರಿ ಎಂದರೆ ಗಾಡಿ, ಮೋಶಿ ಎಂದರೆ ಹೊಗೆ. ಕನ್ನಡದ ಹಿರಿಯರು ಹೊಗೆಬಂಡಿ ಎನ್ನುತ್ತಿದ್ದುದು ನೆನಪಾಗದೆ ಇರದು.

ಇಬ್ಬರ ಎದುರಿಗೂ ಒಂದೇ ತೊಡಕಿತ್ತು. ತಾಂಜಾನಿಯಾದಲ್ಲಿ 120ಕ್ಕೂ ಹೆಚ್ಚು ಬುಡಕಟ್ಟುಗಳು, ಜಾಂಬಿಯಾದಲ್ಲಿ 70ಕ್ಕೂ ಹೆಚ್ಚು. ನ್ಯೆರೆರೆ 1964ರಲ್ಲಿ ತಂಗನ್ಯಿಕಾ ಮತ್ತು ಜಂಜಿಬಾರ್ ದ್ವೀಪವನ್ನು ಬೆಸೆದು ಒಂದು ದೇಶ ಮಾಡಿದರು, ಸ್ವಾಹಿಲಿಯನ್ನು ಎಲ್ಲರ ಮಾತಾಗಿಸಿದರು. ಅದಕ್ಕೂ ಮುಂಚೆ, 1960ರಲ್ಲೇ, ಕೀನ್ಯಾ ಮತ್ತು ಉಗಾಂಡಾ ಜೊತೆಗೂಡಿ ಒಕ್ಕೂಟ ಕಟ್ಟುವುದಾದರೆ ತನ್ನ ನಾಡಿನ ಸ್ವಾತಂತ್ರ್ಯವನ್ನೇ ತುಸು ತಡಮಾಡಲು ಸಿದ್ಧ ಎಂದಿದ್ದರು. ಕೈಗೆ ಬಂದ ತುತ್ತನ್ನು ಪಕ್ಕದವರಿಗಾಗಿ ಹಿಡಿದಿಟ್ಟುಕೊಳ್ಳುತ್ತೇನೆಂದ ರಾಜಕಾರಣಿ ಅಪರೂಪ. ಕೌಂಡಾ ‘ಒಂದೇ ಜಾಂಬಿಯಾ, ಒಂದೇ ರಾಷ್ಟ್ರ’ ಎಂಬ ಘೋಷಣೆಯನ್ನು ಊರೂರಿಗೆ ಮುಟ್ಟಿಸಿದರು. ಇದಕ್ಕೆ ಬೆಲೆಯೂ ತೆರಬೇಕಾಯಿತು. ಎರಡೂ ದೇಶಗಳು ಏಕಪಕ್ಷದ ಆಳ್ವಿಕೆಗೆ ಬಂದವು. ಹಳೆಯ ಒಡನಾಡಿ ಸೈಮನ್ ಕಪ್ವೆಪ್ವೆ ಬೇರೆ ಪಕ್ಷ ಕಟ್ಟಿದಾಗ ಕೌಂಡಾ ಅವರನ್ನು 1972ರಲ್ಲಿ ಬಂಧಿಸಿದರು. ಮೇಷ್ಟ್ರುಗಳ ಕೈಯಲ್ಲಿ ಬೆತ್ತವೂ ಇತ್ತು.

ರೈಲಿಗೆ ಮೊದಲು ಕೇಳಿದ್ದು ಪಶ್ಚಿಮದವರನ್ನೇ. 1964ರಲ್ಲಿ ವಿಶ್ವಬ್ಯಾಂಕ್ ಲೆಕ್ಕ ಹಾಕಿ, ದಕ್ಷಿಣಕ್ಕೆ ಸಾಕಷ್ಟು ಹಳಿಗಳಿರುವಾಗ ಇನ್ನೊಂದು ದಾರಿ ಗಿಟ್ಟುವುದಿಲ್ಲ ಎಂದಿತು. ಬ್ರಿಟಿಷ್ ಮತ್ತು ಕೆನಡಾದ ಪರಿಣತರು 1966ರಲ್ಲಿ ಕೊಟ್ಟ ವರದಿ ಗಿಟ್ಟೀತು ಎಂದರೂ ದುಡ್ಡು ಬಿಚ್ಚುವವರು ಸಿಗಲಿಲ್ಲ. ವಿಶ್ವಬ್ಯಾಂಕಿನ ಕೂಡುಕಳೆಯುವಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೌಂಡಾ ಕೇಳಿದ ಪ್ರಶ್ನೆಯೇ ಬೇರೆ. ಅಗ್ಗದ ದಾರಿ ಯಾವುದು ಎಂದಲ್ಲ, ಇಯಾನ್ ಸ್ಮಿತ್ ಮುಚ್ಚಲಾಗದ ದಾರಿ ಯಾವುದು ಎಂದು.

1965ರ ಫೆಬ್ರವರಿಯಲ್ಲಿ ನ್ಯೆರೆರೆ ಬೀಜಿಂಗ್‌ಗೆ ಹೋದರು. ಅದೇ ಜೂನ್‌ನಲ್ಲಿ ಪ್ರಧಾನಿ ಚೌ ಎನ್ ಲಾಯ್ ದಾರ್‌ಗೆ ಬಂದರು. ಕಮ್ಯುನಿಸ್ಟರ ಸಹವಾಸಕ್ಕೆ ಅಂಜುತ್ತಿದ್ದ ಕೌಂಡಾ 1967ರಲ್ಲಿ ಬೀಜಿಂಗ್‌ನ ದಾರಿ ಹಿಡಿದರು. ಆ ಸೆಪ್ಟೆಂಬರ್ 5ರಂದು ಮೂರು ದೇಶಗಳ ಒಪ್ಪಂದವಾಯಿತು. ಮುಂದೆ ನಿಗದಿಯಾದ ಸಾಲದ ಮೊತ್ತ 98.8 ಕೋಟಿ ಯುವಾನ್. ಬಡ್ಡಿ ಇಲ್ಲ, ತೀರಿಸಲು 30 ವರ್ಷ. ಚೀನಾ ಆಗ ಸಿರಿವಂತ ದೇಶವಲ್ಲ, ಸಾಂಸ್ಕೃತಿಕ ಕ್ರಾಂತಿಯ ಬೇಗುದಿಯಲ್ಲಿತ್ತು. ತನ್ನ ಜನಕ್ಕೇ ಹಳಿ ಸಾಲದ ಕಾಲದಲ್ಲಿ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಿದ್ದರಲ್ಲಿ ಔದಾರ್ಯದಷ್ಟೇ ರಾಜಕೀಯವೂ ಇತ್ತು. ವಿಶ್ವಸಂಸ್ಥೆಯಲ್ಲಿ ಅದಿನ್ನೂ ತನ್ನ ಸ್ಥಾನಕ್ಕಾಗಿ ಗೆಳೆಯರನ್ನು ಹುಡುಕುತ್ತಿತ್ತು. ಅಮೆರಿಕವೇನೂ ಸುಮ್ಮನೆ ಕೂರಲಿಲ್ಲ. ರೈಲಿನ ಜೊತೆಜೊತೆಗೇ ಸಾಗುವ ಹೆದ್ದಾರಿಗೆ ಡಾಂಬರು ಹಾಕಿಸಲು ಹಣ ಕೊಟ್ಟಿತು.

1970ರ ಅಕ್ಟೋಬರ್‌ನಲ್ಲಿ ದಾರ್‌ನಲ್ಲಿ ಕಾಮಗಾರಿ ಶುರುವಾಯಿತು. ಮ್ಲಿಂಬಾದವರೆಗಿನ ಮೊದಲ 500 ಕಿಲೋಮೀಟರ್ ಒಂದೇ ವರ್ಷದಲ್ಲಿ ಮುಗಿಯಿತು. ಅದರಲ್ಲಿ ಒಂದಷ್ಟು ದೂರ ಆನೆ, ಸಿಂಹ ತಿರುಗಾಡುವ ಸೆಲೂಸ್ ಅಭಯಾರಣ್ಯ. ಮ್ಲಿಂಬಾ ದಾಟಿದ ಮೇಲೆ ಘಾಟಿ. ಅಲ್ಲಿಂದ ಮಕಂಬಾಕೊವರೆಗಿನ ಸುಮಾರು 160 ಕಿಲೋಮೀಟರಿನಲ್ಲಿ ಸೇತುವೆ ಮುಗಿದರೆ ಸುರಂಗ, ಸುರಂಗ ಮುಗಿದರೆ ಸೇತುವೆ. ಇಡೀ ದಾರಿಯಲ್ಲಿ 22 ಸುರಂಗಗಳು, 300ಕ್ಕೂ ಹೆಚ್ಚು ಸೇತುವೆಗಳು. ಸುರಂಗಗಳಲ್ಲಿ ಬಹುಪಾಲು ಈ ತುಣುಕಿನಲ್ಲೇ ಇವೆ. ಎಂಪಾಂಗಾ ನದಿಯ ಸೇತುವೆಯ ಕಂಬಗಳು 50 ಮೀಟರ್ ಎತ್ತರದವು. ಮಳೆ ಬಂದರೆ ಗುಡ್ಡ ಜಾರುತ್ತಿತ್ತು, ಕೆಳಗೆ ಜವುಗು. ಸಮುದ್ರಮಟ್ಟದಿಂದ ಹೊರಟ ಹಳಿ ಎಂಬೇಯಾ ಹತ್ತಿರ 1,700 ಮೀಟರಿಗೂ ಮೇಲೇರಿತು.

ಚೀನೀಯರು ಹತ್ತಾರು ಸಾವಿರ ಮಂದಿ ಸರದಿಯ ಮೇಲೆ ಬಂದು ಹೋದರು. ಅವರ ಎಂಜಿನಿಯರ್‌ಗಳು ಗುದ್ದಲಿ ಹಿಡಿದು ಕೂಲಿಗಳ ಸಾಲಿನಲ್ಲೇ ನಿಲ್ಲುತ್ತಿದ್ದುದು, ಡೇರೆಯ ಪಕ್ಕ ತಾವೇ ತರಕಾರಿ ಬೆಳೆದುಕೊಳ್ಳುತ್ತಿದ್ದುದು ಸ್ಥಳೀಯರಿಗೆ ಹೊಸ ನೋಟ. ಬಿಳಿಯ ಸಾಹೇಬ ಮರದ ನೆರಳಲ್ಲಿ ನಿಂತು ಕೈತೋರಿಸುತ್ತಿದ್ದುದಷ್ಟೇ ಅವರಿಗೆ ಗೊತ್ತಿತ್ತು. ತಾಂಜಾನಿಯಾದ ರಾಷ್ಟ್ರೀಯ ಸೇವಾದಳ ಬೇರೆಬೇರೆ ಜಿಲ್ಲೆಗಳ ಹುಡುಗರನ್ನು ಕಳಿಸಿತ್ತು. ಒಬ್ಬರ ತಾಯ್ನುಡಿ ಇನ್ನೊಬ್ಬರಿಗೆ ತಿಳಿಯದ ಆ ಶಿಬಿರಗಳಲ್ಲಿ ಸ್ವಾಹಿಲಿಯೇ ಸೇತುವೆ, ಚೀನೀಯರಿಗೂ ಕೂಡ. ದೇಶ ಒಂದಾಗುವುದು ಭಾಷಣದಿಂದಲೋ ಕೆಲಸದಿಂದಲೋ ಎಂದು ಕೇಳಿದರೆ ಈ ಶಿಬಿರಗಳ ಕಡೆ ಕೈತೋರಿಸಬಹುದು. ದಾರ್ ಹೊರವಲಯದ ಗೊಂಗೊ ಲ ಎಂಬೊಟೊ ಎಂಬಲ್ಲಿ ಸುಮಾರು 70 ಚೀನೀಯರ ಸಮಾಧಿಗಳಿವೆ.

ಕೂಲಿ ಕೊಡಲು ಸ್ಥಳೀಯ ಹಣ ಎಲ್ಲಿಂದ? ಅದಕ್ಕೆ ಕಂಡುಕೊಂಡ ದಾರಿ ವಿಚಿತ್ರವಾಗಿತ್ತು. ಚೀನಾ ಬಟ್ಟೆಬರೆ, ಮನೆಬಳಕೆಯ ಸಾಮಾನುಗಳನ್ನು ಕಳಿಸುವುದು; ಸರ್ಕಾರಿ ಅಂಗಡಿಗಳು ಅದನ್ನು ಮಾರುವುದು; ಬಂದ ಶಿಲ್ಲಿಂಗ್ ಮತ್ತು ಕ್ವಾಚಾದಿಂದ ಬಟವಾಡೆ. ರೈಲು ಹಾಕಿದವನು ಸಂಬಳ ಎಣಿಸಿಕೊಂಡು ಹೋಗಿ ಅದೇ ಚೀನೀ ಅಂಗಿ ಕೊಳ್ಳುತ್ತಿದ್ದ.

1973ರ ಆಗಸ್ಟ್‌ನಲ್ಲಿ ಹಳಿ ಗಡಿ ದಾಟಿ ಜಾಂಬಿಯಾ ಹೊಕ್ಕಿತು. ಅದೇ ವರ್ಷದ ಜನವರಿಯಲ್ಲಿ ಸ್ಮಿತ್ ರೊಡೇಶಿಯಾದ ಗಡಿ ಮುಚ್ಚಿದ್ದ. ಆಮೇಲೆ ಅವನೇ ತೆರೆದರೂ ಕೌಂಡಾ ಆ ಕಡೆ ತಿರುಗಿ ನೋಡಲಿಲ್ಲ. 1975ರ ಜೂನ್‌ನಲ್ಲಿ ಹಳಿ ಕಪಿರಿ ಎಂಪೋಶಿ ಮುಟ್ಟಿತು. ಆಗಸ್ಟ್‌ನಲ್ಲಿ ಅಂಗೋಲಾದ ಯುದ್ಧದಿಂದ ಪಶ್ಚಿಮದ ಬೆಂಗೆಲಾ ರೈಲುದಾರಿ ನಿಂತುಹೋಯಿತು. ಉಳಿದದ್ದು ಇದೊಂದೇ ರೈಲು. 1976ರ ಜುಲೈ 14ರಂದು ಚೀನೀಯರು ಅದನ್ನು ಎರಡೂ ಸರ್ಕಾರಗಳಿಗೆ ಒಪ್ಪಿಸಿದರು. ಕಡತಗಳಲ್ಲಿ ಅದರ ಹೆಸರು ‘ತಜಾರಾ’, ಜನರ ಬಾಯಲ್ಲಿ ಉಹುರು ರೈಲು. ಉಹುರು ಎಂದರೆ ಸ್ವಾತಂತ್ರ್ಯ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು.

ರೈಲು ಸಿದ್ಧವಾಗುವ ಹೊತ್ತಿಗೆ ತಾಮ್ರದ ಬೆಲೆ ಕುಸಿದಿತ್ತು. ವರ್ಷಕ್ಕೆ 20 ಲಕ್ಷ ಟನ್ ಸಾಗಿಸಬೇಕಿದ್ದ ದಾರಿ ಆ ಸಂಖ್ಯೆಯನ್ನು ಒಮ್ಮೆಯೂ ಮುಟ್ಟಲಿಲ್ಲ. ಚೀನೀ ಡೀಸೆಲ್ ಇಂಜಿನ್‌ಗಳು ಘಾಟಿಯಲ್ಲಿ ಏದುಸಿರು ಬಿಟ್ಟವು. 1983ರಲ್ಲಿ ಪಶ್ಚಿಮ ಜರ್ಮನಿಯಿಂದ ಬೇರೆ ಇಂಜಿನ್ ತರಿಸಬೇಕಾಯಿತು. ದಾರ್ ಬಂದರಿನಲ್ಲಿ ಸರಕು ರಾಶಿ ಬಿದ್ದು ಜಾಂಬಿಯಾದ ರೈತರಿಗೆ ಗೊಬ್ಬರ ಸಮಯಕ್ಕೆ ಸಿಗದಾಯಿತು. 1978ರ ಅಕ್ಟೋಬರ್‌ನಲ್ಲಿ ಕೌಂಡಾ ಹಲ್ಲು ಕಚ್ಚಿ ಮತ್ತೆ ರೊಡೇಶಿಯಾದ ದಾರಿ ತೆರೆದರು. ನ್ಯೆರೆರೆಗೆ ಇದು ಹಿಡಿಸಲಿಲ್ಲ. ಆದರೆ ಬಿತ್ತನೆಯ ಕಾಲ ಯಾವ ತತ್ವಕ್ಕೂ ಕಾಯುವುದಿಲ್ಲ; ಆ ಇಕ್ಕಟ್ಟಿನಲ್ಲಿ ಕೌಂಡಾ ಮಾಡಿದ್ದು ಸರಿಯೆಂದೇ ಹೇಳಬೇಕು. ಮರುವರ್ಷ ಅಕ್ಟೋಬರ್‌ನಲ್ಲಿ ರೊಡೇಶಿಯಾದ ಸೈನಿಕರು ಜಾಂಬಿಯಾದೊಳಕ್ಕೆ ನುಗ್ಗಿ ಚಾಂಬೇಶಿ ನದಿಯ ಸೇತುವೆಯನ್ನೇ ಸಿಡಿಸಿದರು. ಗಿಟ್ಟದ ರೈಲೆಂದು ಪಶ್ಚಿಮದವರು ಬದಿಗಿಟ್ಟ ದಾರಿಗೆ ಶತ್ರು ಕೊಟ್ಟ ಬೆಲೆ ಅದು.

ದೊಡ್ಡ ದೋಷ ಒಡೆತನದ್ದು. ಎರಡು ಸರ್ಕಾರಗಳಿಗೆ ಅರ್ಧರ್ಧ ಪಾಲು. ಹಳಿ ಸರಿಪಡಿಸುವ ದುಡ್ಡಿಗೆ ಇವರು ಅವರ ಮುಖ, ಅವರು ಇವರ ಮುಖ ನೋಡಿದರು. ದಾರ್‌ನಲ್ಲೇ ಇದ್ದ ಮೀಟರ್ ಗೇಜ್ ಹಳಿಗೂ ಇದಕ್ಕೂ ಸರಕು ಬದಲಾಯಿಸುವ ವ್ಯವಸ್ಥೆ ಕಿಡಾಟುವಿನಲ್ಲಿ ಆದದ್ದು 1998ರಲ್ಲಿ. 2014-15ರ ಹೊತ್ತಿಗೆ ಸಾಗಣೆ ವರ್ಷಕ್ಕೆ ಒಂದು ಲಕ್ಷ ಟನ್ನಿಗಿಂತ ಕೆಳಗಿಳಿದಿತ್ತು.

ತಾಮ್ರ ಬಿಟ್ಟುಕೊಟ್ಟ ಜಾಗದಲ್ಲಿ ಬಾಳೆಗೊನೆ ಬಂದು ಕೂತಿತು. ಕಿಲೊಂಬೆರೊ ಕಣಿವೆಯ ಊರುಗಳಿಗೆ ಅದುವರೆಗೆ ಮಳೆಗಾಲದಲ್ಲಿ ಹೊರಲೋಕವೇ ಇರಲಿಲ್ಲ. 1970ರ ದಶಕದಲ್ಲಿ ನ್ಯೆರೆರೆ ಸರ್ಕಾರ ಚದುರಿದ್ದ ಜನರನ್ನು, ಕೆಲವೆಡೆ ಬಲವಂತದಿಂದಲೇ, ಹಳಿಯ ಪಕ್ಕದ ಉಜಾಮಾ ಹಳ್ಳಿಗಳಿಗೆ ತಂದು ಕೂರಿಸಿತ್ತು. ಸಾಮೂಹಿಕ ಬೇಸಾಯದ ಆ ಪ್ರಯೋಗ ಸೋತಿತು. ಜನ ಮಾತ್ರ ರೈಲನ್ನು ತಮ್ಮದಾಗಿಸಿಕೊಂಡರು. ನಿಂತುನಿಂತು ಸಾಗುವ ಪ್ಯಾಸೆಂಜರ್ ಗಾಡಿಯಲ್ಲಿ ಭತ್ತದ ಮೂಟೆ, ಜೋಳ, ಕೋಳಿ, ಬಾಳೆಗೊನೆ ಏರಿದವು. ಪೇಟೆಯಿಂದ ಉಪ್ಪು, ಸೋಪು, ಬಟ್ಟೆ ಇಳಿದವು. ಮಳೆ ಕೈಕೊಟ್ಟ ವರ್ಷ ಒಂದು ನಿಲ್ದಾಣದ ಬೆಳೆ ಇನ್ನೊಂದು ನಿಲ್ದಾಣದ ಹಸಿವಿಗೆ ಸಿಗುತ್ತಿತ್ತು. ವಿಶ್ವಬ್ಯಾಂಕಿನ ವರದಿಯಲ್ಲಾಗಲಿ ಚೀನೀಯರ ನೀಲನಕ್ಷೆಯಲ್ಲಾಗಲಿ ಈ ಬೇಪಾರಿಗಳು ಇರಲಿಲ್ಲ.

ರಾಜಧಾನಿಗಳಲ್ಲಿ ಇನ್ನೊಂದು ಬೆಳೆ ಬಂತು. 1980ರ ಏಪ್ರಿಲ್ 1ರಂದು ಲುಸಾಕಾದಲ್ಲಿ ಒಂಬತ್ತು ದೇಶಗಳು ಸೇರಿ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರದ ಹಂಗು ತಗ್ಗಿಸಿಕೊಳ್ಳಲು ಒಂದು ಕೂಟ ಕಟ್ಟಿದವು. ಮೊಟ್ಟಮೊದಲು ಕೈಗೆತ್ತಿಕೊಂಡದ್ದು ರೈಲು, ರಸ್ತೆ, ಬಂದರುಗಳ ಕೆಲಸ. 1992ರಲ್ಲಿ ಅದೇ ‘ಸ್ಯಾಡಕ್’ ಆಯಿತು. ಎರಡು ವರ್ಷಗಳ ನಂತರ, ಯಾರ ವಿರುದ್ಧ ಕಟ್ಟಿದ್ದರೋ ಆ ದಕ್ಷಿಣ ಆಫ್ರಿಕಾವೇ ಮಂಡೇಲಾ ನಾಯಕತ್ವದಲ್ಲಿ ಒಳಗೆ ಬಂತು. ಇತ್ತ ಕೀನ್ಯಾ, ಉಗಾಂಡಾ ಜೊತೆಗಿನ ಪೂರ್ವ ಆಫ್ರಿಕಾ ಸಮುದಾಯ 1977ರಲ್ಲಿ ಒಡೆದು, ಒಟ್ಟಾಗಿ ನಡೆಸುತ್ತಿದ್ದ ರೈಲ್ವೆಯೂ ಪಾಲಾಗಿತ್ತು. ಕುಂಟುತ್ತಲೇ ಇದ್ದರೂ ಪಾಲಾಗದೆ ಉಳಿದದ್ದು ಉಹುರು ರೈಲು.

ನ್ಯೆರೆರೆ 1985ರಲ್ಲಿ ತಾವಾಗಿ ಅಧಿಕಾರ ಬಿಟ್ಟರು. 1995ರಲ್ಲಿ ಭಾರತ ಮೊದಲ ಗಾಂಧಿ ಶಾಂತಿ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. ಕೌಂಡಾ 1991ರ ಚುನಾವಣೆಯಲ್ಲಿ ಸೋತು, ತಕರಾರಿಲ್ಲದೆ ಕುರ್ಚಿ ಬಿಟ್ಟಿಳಿದು, 97 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು.

ಈಗ ಅದೇ ತಾಮ್ರಕ್ಕೆ ಹೊಸ ಬೇಡಿಕೆ ಹುಟ್ಟಿದೆ. ವಿದ್ಯುತ್ ಕಾರುಗಳಿಗೆ ಅದು ಬೇಕು. ಪಶ್ಚಿಮದ ಲೊಬಿಟೊ ಬಂದರಿಗೆ ಹೋಗುವ ಅದೇ ಬೆಂಗೆಲಾ ಹಳಿಗೆ ಅಮೆರಿಕ ಬೆಂಬಲಕ್ಕೆ ನಿಂತಿದೆ. ಪೂರ್ವದ ಉಹುರು ರೈಲನ್ನು ಸುಮಾರು 140 ಕೋಟಿ ಡಾಲರ್ ಖರ್ಚಿನಲ್ಲಿ ಎತ್ತಿ ನಿಲ್ಲಿಸಲು 2025ರಲ್ಲಿ ಚೀನೀ ಕಂಪನಿಯೊಂದು ಒಪ್ಪಂದ ಮಾಡಿಕೊಂಡಿದೆ. ಈ ಸಲ ಅದು ಬಡ್ಡಿಯಿಲ್ಲದ ಸಾಲವಲ್ಲ. ಹಾಕಿದ ದುಡ್ಡನ್ನು ರೈಲು ನಡೆಸಿ ಗಿಟ್ಟಿಸಿಕೊಳ್ಳುವ 30 ವರ್ಷದ ಗುತ್ತಿಗೆ.

ದಾರ್‌ನಿಂದ ಕೇಪ್‌ಟೌನಿನವರೆಗೆ ಒಂದೇ ಗಾಡಿ ಓಡಬೇಕೆಂಬ ಆಸೆ ಮಾತ್ರ ಯಾರೂ ಎಣಿಸದ ರೀತಿಯಲ್ಲಿ ಕೈಗೂಡಿತು. 1993ರಿಂದ ದಕ್ಷಿಣ ಆಫ್ರಿಕಾದ ಖಾಸಗಿ ಕಂಪನಿಯೊಂದು ಐಷಾರಾಮಿ ಪ್ರವಾಸಿ ರೈಲನ್ನು ಆ ದಾರಿಯಲ್ಲಿ ಓಡಿಸುತ್ತ ಬಂದಿದೆ. ಸ್ನಾನದ ಮನೆಯಿರುವ ಬೋಗಿಗಳಲ್ಲಿ ಸಿರಿವಂತ ವಿದೇಶಿಯರು ಎರಡು ವಾರ ಕೂತು, ರೋಡ್ಸ್‌ನ ಹಳಿಯಿಂದ ಮೇಷ್ಟ್ರುಗಳ ಹಳಿಗೆ, ಗೇಜ್ ಬದಲಾಯಿಸದೆ, ಸಾಗಿಬರುತ್ತಾರೆ.