ಅನ್ಯಜನ ಎಂದರೆ ಯಾರು?

ಕನ್ನಡ ಬೈಬಲ್ ಓದುವವರಿಗೆ ‘ಅನ್ಯಜನರು’ ಪರಿಚಿತ ಮಾತು. ಯೆಹೂದ್ಯರಲ್ಲದವರೆಲ್ಲ ಅದರೊಳಗೆ ಬಂದರು: ಗ್ರೀಕರು, ರೋಮನ್ನರು, ಸಿರಿಯದವರು. ತಮಾಷೆಯೆಂದರೆ, ಇವರಲ್ಲಿ ಯಾರೂ ತಾವಾಗಿ ಈ ಹೆಸರು ಇಟ್ಟುಕೊಂಡವರಲ್ಲ. ಹೀಬ್ರೂವಿನ ‘ಗೋಯ್’ಗೆ ಮೊದಲಿದ್ದ ಅರ್ಥ ಬರೀ ಜನಾಂಗ, ಆದಿಕಾಂಡದಲ್ಲಿ ಅಬ್ರಹಾಮನ ಸಂತತಿಗೂ ಅದೇ ಪದ. ಗ್ರೀಕಿನ ‘ಎಥ್ನೆ’ಯೂ ಹಾಗೆಯೇ. ‘ಅನ್ಯ’ ಆಮೇಲೆ ಅಂಟಿಕೊಂಡದ್ದು.

ಅಂಟು ಮಾತ್ರ ಗಟ್ಟಿಯಾಗಿತ್ತು. ಯೆರೂಸಲೇಮಿನ ದೇವಾಲಯದ ಒಳಪ್ರಾಕಾರದ ತಡೆಗೋಡೆಯಲ್ಲಿ ಗ್ರೀಕ್ ಶಾಸನವಿತ್ತು: ಪರಕುಲದವರು ದಾಟಿದರೆ ಸಾವಿಗೆ ತಾವೇ ಹೊಣೆ. 1871ರಲ್ಲಿ ಸಿಕ್ಕ ಅಂಥದೊಂದು ಕಲ್ಲು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ.

ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರೇ. ಅಂತಿಯೋಕ್ಯದಲ್ಲಿ ಗ್ರೀಕರೂ ಸೇರಿಕೊಂಡಾಗ ಜಗಳ ಹುಟ್ಟಿದ್ದು ದೇವತತ್ತ್ವದಲ್ಲಲ್ಲ, ಊಟದಲ್ಲಿ. ಶಿಷ್ಯರಲ್ಲಿ ಪ್ರಮುಖನಾದ ಪೇತ್ರ ಆ ಗ್ರೀಕರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದದ್ದೇ ತಡ, ಮೆಲ್ಲಗೆ ಹಿಂದೆ ಸರಿದ. ಅನ್ಯಜನರಿಗೆ ಬೋಧಿಸುತ್ತಿದ್ದ ಪೌಲನ ಜೊತೆಗಾರ ಬಾರ್ನಬನೂ ಅದೇ ದಾರಿ ಹಿಡಿದ. ಪೌಲ ಎಲ್ಲರೆದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಪಂಕ್ತಿಭೇದ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಕೂಡಿ, ಸಭೆಗೆ ಸೇರುವ ಅನ್ಯಜನರಿಗೆ ಯೆಹೂದ್ಯರ ಗುರುತಾದ ಸುನ್ನತಿ ಬೇಡವೆಂದರು. ಆದರೂ ನಾಲ್ಕು ನಿಷೇಧ ಉಳಿದವು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದರ ಮಾಂಸ, ಜಾರತ್ವ. ಮೂರು ಊಟದ್ದೇ!

ಪದ ಹೊರಳಿದ್ದು ಪೌಲನ ಕೈಯಲ್ಲಿ. ಕೊರಿಂಥದವರಿಗೆ ಬರೆಯುವಾಗ, ಅವರು ಅನ್ಯಜನರಾಗಿದ್ದ ಕಾಲ ಮುಗಿದುಹೋಯಿತು ಎಂಬಂತೆ ಮಾತಾಡುತ್ತಾನೆ. ಸುನ್ನತಿಯಿಲ್ಲ, ಯೆಹೂದ್ಯರೂ ಆಗಲಿಲ್ಲ, ಅನ್ಯಜನರೂ ಅಲ್ಲ. ಹಾಗಾದರೆ ಆ ಪದ ಯಾರಿಗೆ? ಕ್ರಿಸ್ತನನ್ನು ನಂಬದ ಮಿಕ್ಕವರಿಗೆ. ಲ್ಯಾಟಿನ್ನಿನ ‘ಗೆಂಟಿಲಿಸ್’ ಈ ಅರ್ಥದಲ್ಲೇ ಬೆಳೆಯಿತು. ನಮ್ಮ ಕೆಲವು ಚರ್ಚುಗಳ ಪ್ರಸಂಗಗಳಲ್ಲೂ ‘ಅನ್ಯಜನರು’ ಎಂದರೆ ಪಕ್ಕದ ಮನೆಯ ಹಿಂದೂಗಳು, ಮುಸ್ಲಿಮರು. ಬೋಧಕರ ಅಜ್ಜ-ಮುತ್ತಜ್ಜಂದಿರೂ ಮೂಲ ಲೆಕ್ಕದಲ್ಲಿ ಆ ಪಟ್ಟಿಯವರೇ. ಮಾತಿಗೆ ಈ ಮಟ್ಟಿನ ಮರೆವು ನನಗಂತೂ ಅತಿಯೆನಿಸುತ್ತದೆ.

ಪೌಲ ಮಾತ್ರ ಮರೆತವನಲ್ಲ. ಕೊರಿಂಥದ ಪತ್ರವಾಗಿ ಒಂದೆರಡು ವರ್ಷ ಕಳೆದು ರೋಮಿನ ಸಭೆಗೆ ಬರೆದಾಗ ಯೆಹೂದ್ಯರಲ್ಲದ ವಿಶ್ವಾಸಿಗಳನ್ನೇ ಮತ್ತೆ ‘ಎಥ್ನೆ’ ಎಂದು ಕರೆದ. ಅಲ್ಲಿ ಅವರು ಯೆಹೂದ್ಯರನ್ನು ಕೀಳಾಗಿ ಕಂಡಾರು ಎಂಬ ಆತಂಕ ಅವನಿಗೆ: ನೀವು ಕಸಿ ಕಟ್ಟಿದ ಕಾಡು ಆಲಿವ್ ಕೊಂಬೆ, ಬೇರು ನಿಮ್ಮದಲ್ಲ ಎಂದು ಎಚ್ಚರಿಸಿದ.